ಕಾರ್ಡಿನ ಎರಡು ಬದಿಗಳು

ತರೀಕೆರೆ ಸೀಮೆಯ ಪ್ರಾಚೀನ ಚರಿತ್ರೆಗೆ ಆಕರಗಳ ಕೊರತೆಯಿಲ್ಲ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟವು 1901ರಲ್ಲಿಯೇ ಕಡೂರು ಜಿಲ್ಲೆಯ ಶಾಸನಗಳನ್ನು ಒಂದೆಡೆ ತಂದಿತು. 1196ರಲ್ಲಿ ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದ ದಂಡನಾಯಕ ಯಾರೆಂಬುದು ತಿಳಿದಿದೆ. ಆದರೆ ಆ ಸಂಪುಟ ಅಚ್ಚಾದ ವರ್ಷ ತರೀಕೆರೆಯ ಸಂತೆಗೆ ಬಂದವರು ಏನು ಉಟ್ಟಿದ್ದರು, ದೂರದ ಮಗಳಿಗೆ ತಾಯಿ ಯಾವ ಸುದ್ದಿ ಬರೆಸಿದಳು ಎಂಬುದನ್ನು ಕಲ್ಲು ಹೇಳಲಾರದು. ಅದಕ್ಕೆ ಸಾಕ್ಷಿ ಹೇಳಬಲ್ಲವು ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಉಳಿದ ಕಾರ್ಡುಗಳು ಮತ್ತು ಭಾವಚಿತ್ರಗಳು. ಶಾಸನಕ್ಕೆ ಸಲ್ಲುವ ಗೌರವ ಇವುಗಳಿಗೂ ಸಲ್ಲಬೇಕು; ಶಾಸನವನ್ನು ಓದುವ ಎಚ್ಚರದಿಂದಲೇ ಇವುಗಳನ್ನೂ ಓದಬೇಕು.

ಭಾರತದಲ್ಲಿ ಅಂಚೆ ಕಾರ್ಡು ಬಳಕೆಗೆ ಬಂದದ್ದು 1879ರಲ್ಲಿ, ಬೆಲೆ ಕಾಲಾಣೆ. ಮೈಸೂರು ಸಂಸ್ಥಾನದ ಸ್ವಂತ ಅಂಚೆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿತು. ಕಾರ್ಡಿನ ಕಾಲವನ್ನು ಕಾರ್ಡೇ ಹೇಳುವುದುಂಟು. ಏಳನೆಯ ಎಡ್ವರ್ಡನ ತಲೆಯಿದ್ದರೆ ಅದು ಇಪ್ಪತ್ತನೆಯ ಶತಮಾನದ ಮೊದಲ ದಶಕದ ಅಚ್ಚು. ಅರ್ಧಾಣೆಯ ಕಾರ್ಡಾದರೆ 1922ರ ದರ ಏರಿಕೆಯ ಈಚಿನದು. ವಿಳಾಸದಲ್ಲಿ ‘ಕಡೂರು ಜಿಲ್ಲೆ’ ಎಂದಿದ್ದರೆ, ಜಿಲ್ಲೆಗೆ ಚಿಕ್ಕಮಗಳೂರಿನ ಹೆಸರು ಬಂದ 1947ಕ್ಕೆ ಹಿಂದಿನದೆಂದು ಊಹಿಸಲು ಅದೊಂದು ಆಧಾರ. ಅಂಚೆ ಮುದ್ರೆ ಸ್ಪಷ್ಟವಾಗಿದ್ದರೆ ಊಹೆಯ ಅಗತ್ಯವೇ ಇಲ್ಲ.

ಚಿತ್ರಗಳ ವಿಷಯದಲ್ಲಿ ಹೆಚ್ಚಿನ ಜಾಗರೂಕತೆ ಬೇಕು. ಮದರಾಸಿನ ಹಿಗ್ಗಿನ್‌ಬಾಥಮ್ಸ್‌ನಂತಹ ಪ್ರಕಾಶಕರು ಹೊರತಂದ ಚಿತ್ರದ ಕಾರ್ಡುಗಳು ದಕ್ಷಿಣ ಭಾರತದ ಊರು, ಬೀದಿ, ದೇಗುಲಗಳನ್ನು ತೋರಿಸುತ್ತವೆ. ಆ ಕಾಲದ ಇಂತಹ ಕಾರ್ಡುಗಳಲ್ಲಿ ಮನುಷ್ಯರಿಗೆ ಹೆಸರಿರುವುದು ಅಪರೂಪ. ಕ್ಷೌರಿಕ, ನೀರು ಹೊರುವವಳು ಎಂಬ ಕಸುಬಿನ ಚೀಟಿಯಷ್ಟೇ ಇರುತ್ತದೆ. ಕೊಳ್ಳುವವನ ಕುತೂಹಲಕ್ಕಾಗಿ ನಿಲ್ಲಿಸಿದ ನಿಲುವು ಅದು. ಸ್ಟುಡಿಯೋ ಚಿತ್ರಗಳಲ್ಲಿಯೂ ಬಣ್ಣದ ಪರದೆ, ಕುರ್ಚಿ, ಹೂದಾನಿ ಛಾಯಾಗ್ರಾಹಕನವಾಗಿರಬಹುದು. ಮನೆಯವರದೇ ಆದದ್ದನ್ನು ಹುಡುಕಬೇಕಾದದ್ದು ಸೀರೆ ಉಟ್ಟ ಬಗೆಯಲ್ಲಿ, ಮಗುವಿನ ಕೈಗೆ ಕಟ್ಟಿದ ದಾರದಲ್ಲಿ, ಬರಿಗಾಲಿನಲ್ಲಿ.

ಉಳಿದು ಬಂದಿರುವುದೂ ಇಡೀ ಬದುಕಲ್ಲ. ಅರಿಸಿನ ಕುಂಕುಮ ಹಚ್ಚಿದ ಶುಭಕಾಗದವನ್ನು ತಂತಿಗೆ ಸಿಕ್ಕಿಸಿ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಸಾವಿನ ಸುದ್ದಿ ತಂದ ಕಾರ್ಡನ್ನು ಓದಿ ಹರಿದುಹಾಕುವುದು ಅನೇಕ ಮನೆಗಳ ಪದ್ಧತಿಯಾಗಿತ್ತು. ಆದ್ದರಿಂದ ಪೆಟ್ಟಿಗೆಯಲ್ಲಿ ಮದುವೆಗಳು ತುಂಬಿವೆ, ಮರಣಗಳಿಲ್ಲ. ಪ್ಲೇಗು, ಇನ್‌ಫ್ಲುಯೆನ್ಜಗಳು ಊರೂರನ್ನು ಬಾಧಿಸಿದ ದಶಕಗಳ ಕಾಗದಗಳಲ್ಲಿ ನೆಮ್ಮದಿಯೊಂದೇ ಕಂಡರೆ, ಅದನ್ನು ಆ ಕಾಲದ ನೆಮ್ಮದಿಯೆಂದು ತಿಳಿಯಬಾರದು.

ಈ ಮಿತಿಗಳಿಂದ ಆಕರದ ಬೆಲೆ ಕುಗ್ಗುವುದಿಲ್ಲ. ಬೀರೂರು–ಶಿವಮೊಗ್ಗ ರೈಲು ಮಾರ್ಗ ತರೀಕೆರೆಯನ್ನು ಹಾದು ಇಂದಿಗೂ ನಡೆಯುತ್ತಿದೆ. ಆದರೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹೋಗುತ್ತಿದ್ದ ಎರಡಡಿ ಅಗಲದ ಹಳಿಯ ಟ್ರಾಮ್ ಈಗಿಲ್ಲ. ಅದರಲ್ಲಿ ಕೂತವರು ಯಾರು, ಗಂಟಿನಲ್ಲಿ ಏನಿತ್ತು ಎಂಬುದನ್ನು ಸರ್ಕಾರಿ ವರದಿಗಿಂತ ‘ನಾಳೆ ಟ್ರಾಮಿಗೆ ಬರುತ್ತೇನೆ’ ಎಂಬಂತಹ ಒಂದು ಸಾಲು ಚೆನ್ನಾಗಿ ತಿಳಿಸಬಲ್ಲದು.

ಮನೆ ಪಾಲಾದಾಗ ಪಾತ್ರೆಗಳಿಗೆ ಪಾಲುದಾರರಿರುತ್ತಾರೆ, ಕಾಗದದ ಕಟ್ಟಿಗೆ ಇರುವುದಿಲ್ಲ. ಅಂಚೆಚೀಟಿಯ ಆಸೆಗೆ ಕಾರ್ಡಿನ ಮೂಲೆ ಕತ್ತರಿಸಿದರೆ ಮುದ್ರೆಯೊಡನೆ ತಾರೀಖೂ ಹೋಗುತ್ತದೆ. ಚೌಕಟ್ಟಿನ ಆಸೆಗೆ ಚಿತ್ರ ಬಿಚ್ಚಿ ಎಸೆದರೆ ಮುಖವೂ ಹೋಗುತ್ತದೆ. ತಾಲ್ಲೂಕಿನ ಸಾಹಿತ್ಯ ಪರಿಷತ್ತು, ಶಾಲೆ, ಗ್ರಂಥಾಲಯಗಳು ಮನಸ್ಸು ಮಾಡಿದರೆ ಕೆಲಸ ಕಷ್ಟದ್ದಲ್ಲ. ಕಾರ್ಡಿನ ಎರಡೂ ಬದಿಗಳ ಪ್ರತಿ ತೆಗೆಯಬೇಕು. ಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ಸಂಬಂಧಗಳನ್ನು ಬರೆಯಬೇಕು. ಮೂಲವನ್ನು ಮನೆಯವರಿಗೇ ಮರಳಿಸಬೇಕು. ಎಡದಿಂದ ಮೂರನೆಯವಳು ಯಾರೆಂದು ಬಲ್ಲ ಅಜ್ಜಿಯರು ಇನ್ನೂ ಕೆಲವರಿದ್ದಾರೆ. ಪ್ರತಿ ತೆಗೆಯುವ ಕೆಲಸ ಮುಂದಿನ ವರ್ಷಕ್ಕಾದರೂ ಆದೀತು. ಅವರನ್ನು ಕೇಳುವ ಕೆಲಸ ಈಗಲೇ ಆಗಬೇಕು.