ಕೈತೋಟ: ಹೇನು ಹೋಗಲಿ, ಜೇನು ಉಳಿಯಲಿ

ಮಾರ್ಗಶಿರ, ಪುಷ್ಯಗಳು ಅವರೆಯ ಮಾಸಗಳು. ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಹೊಲದ ಸಾಲುಗಳಲ್ಲಿಯೂ ಹಿತ್ತಲ ಚಪ್ಪರದ ಮೇಲೂ ಅವರೆ ಹೂಬಿಟ್ಟು ಸೊಗಡು ಬೀರುವ ಕಾಲವಿದು. ಈ ದಿನಗಳಲ್ಲಿ ಮೋಡ ಮುಸುಕಿ ನಿಂತಿತೆಂದರೆ ಎಳೆಯ ಕುಡಿಗೂ ಹೂಗೊಂಚಲಿಗೂ ಕರಿಯ ಹೇನು ಮೆತ್ತಿಕೊಳ್ಳುವುದು. ಅದನ್ನು ಕಂಡೊಡನೆ ಅಂಗಡಿಗೆ ಹೋಗಿ ವಿಷದ ಸೀಸೆಯೊಂದನ್ನು ತಂದು ಹೊಡೆಯುವುದು ಈಗ ವಾಡಿಕೆಯಾಗಿದೆ. ಹೇನು ಕುಳಿತ ಹೂವಿಗೇ ಜೇನೂ ಬರುವುದೆಂಬುದನ್ನು ಆ ಗಳಿಗೆಯಲ್ಲಿ ಎಣಿಸುವವರು ವಿರಳ. ಕೈತೋಟದ ಹೇನನ್ನು ಕಳೆಯಲು ನೀರು, ಕೈ, ತಾಳ್ಮೆ ಇವು ಸಾಮಾನ್ಯವಾಗಿ ಸಾಕೆಂಬುದನ್ನು ವಾಚಕರ ಮುಂದಿಡುವುದೇ ಈ ತಿಂಗಳ ನಮ್ಮ ಉದ್ದೇಶ.

ಮೊದಲು ಹೇನಿನ ಸ್ವಭಾವವನ್ನು ತಿಳಿಯೋಣ. ಇದು ಸಾಸಿವೆಕಾಳಿನಷ್ಟು ಗಾತ್ರದ ಮೆತ್ತನೆಯ ಜೀವಿ. ಅವರೆ, ಅಲಸಂದೆಗಳ ಮೇಲೆ ಕಪ್ಪಾಗಿಯೂ, ಮೆಣಸಿನ ಗಿಡದ ಮೇಲೆ ಹಸಿರು ಹಳದಿಯಾಗಿಯೂ, ಕೋಸಿನ ಎಲೆಯ ಮೇಲೆ ಬೂದಿ ಬಳಿದಂತೆಯೂ ಕಾಣುವುದು. ಸೂಜಿಯಂತಹ ಮೂತಿಯನ್ನು ಕುಡಿಗೆ ಚುಚ್ಚಿ ರಸ ಹೀರಿ, ಮಿಕ್ಕ ಸಿಹಿಯನ್ನು ಅಂಟಾಗಿ ಹೊರಗೆ ಬಿಡುವುದು. ಆ ಅಂಟಿನ ಮೇಲೆ ಕರಿಯ ಬೂಷ್ಟು ಬೆಳೆದು ಎಲೆಯೆಲ್ಲ ಮಸಿ ಮೆತ್ತಿದಂತಾಗುವುದು. ನಮ್ಮ ಸೀಮೆಯ ಹವೆಯಲ್ಲಿ ಇದರ ಹೆಣ್ಣು ಗಂಡಿನ ನೆರವಿಲ್ಲದೆಯೂ ಮೊಟ್ಟೆಯಿಡದೆಯೂ ಮರಿಗಳನ್ನೇ ಈಯುವುದು. ಆ ಮರಿಯೂ ವಾರ ಹತ್ತು ದಿನಗಳೊಳಗೆ ತಾಯಾಗುವುದು. ಗುಂಪು ದಟ್ಟವಾದಾಗ ರೆಕ್ಕೆಯುಳ್ಳವು ಹುಟ್ಟಿ ಪಕ್ಕದ ಗಿಡಕ್ಕೆ ಹಾರುವುವು. ಆದಕಾರಣ ಹತ್ತು ಹೇನು ಕಂಡ ದಿನವೇ ಕೈಹಾಕುವುದು ಲೇಸು.

ಇನ್ನು ಜೇನಿನ ಮಾತು. ನಮ್ಮ ಹಿತ್ತಲಿಗೆ ತುಡುವೆ, ಕೋಲುಜೇನು, ಹೆಜ್ಜೇನು, ನಸರಿ ಈ ನಾಲ್ಕು ಬಗೆಯವೂ ಬರುವುದುಂಟು. ಕುಂಬಳದ ಬಳ್ಳಿಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಅದು ನಸುಕಿನಲ್ಲಿ ಅರಳಿ, ಹೊತ್ತೇರುತ್ತಲೇ ಮುಚ್ಚಿಕೊಳ್ಳುವುದು. ಆ ಕೆಲವು ಗಂಟೆಗಳೊಳಗೆ ಜೇನು ಬಂದು ಪರಾಗವನ್ನು ಮುಟ್ಟಿಸದಿದ್ದರೆ ಹೀಚು ಹಳದಿಯಾಗಿ ಉದುರಿಹೋಗುವುದು. ಬಳ್ಳಿಗೆ ದೃಷ್ಟಿ ತಾಕಿತೆಂದು ನಾವು ಮರುಗುವೆವು. ನಿಜವಾಗಿ ಅಲ್ಲಿ ಕೊರತೆಯಾಗಿರುವುದು ಜೇನು. 1991-92ರ ಸುಮಾರಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ದಕ್ಷಿಣ ಭಾರತದಲ್ಲೆಲ್ಲ ಹಬ್ಬಿ ತುಡುವೆಯ ಬಹುಪಾಲು ಕುಟುಂಬಗಳನ್ನು ನಾಶಮಾಡಿತು. ರೋಗದಿಂದ ಉಳಿದುಬಂದ ಜೀವಿಗೆ ನಮ್ಮ ಕೈಯಿಂದಲೇ ವಿಷ ಸಲ್ಲತಕ್ಕದ್ದಲ್ಲ.

ಹೇನಿಗೆಂದು ಅಂಗಡಿಗಳಲ್ಲಿ ಕೊಡುವ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಮ್ ಮೊದಲಾದವು ಗಿಡದ ರಸದಲ್ಲಿಯೇ ಬೆರೆತು ಹೂವಿನವರೆಗೂ ಹರಿಯುವುವು. ಮಕರಂದದಲ್ಲಿಯೂ ಪರಾಗದಲ್ಲಿಯೂ ಅವುಗಳ ಅಂಶ ಸೇರುವುದರಿಂದ, ಸಿಂಪಡಿಸಿ ದಿನಗಳು ಕಳೆದ ಮೇಲೂ ಜೇನಿಗೆ ಅಪಾಯವುಂಟು. ಈ ಕಾರಣದಿಂದಲೇ ಯೂರೋಪಿನ ಒಕ್ಕೂಟವು 2018ರಲ್ಲಿ ಇವೆರಡನ್ನೂ, ಕ್ಲೋಥಿಯಾನಿಡಿನ್ ಎಂಬ ಮತ್ತೊಂದನ್ನೂ ಬಯಲು ಬೆಳೆಗಳಿಗೆ ಬಳಸದಂತೆ ನಿಷೇಧಿಸಿತು. ಹೊಗೆಸೊಪ್ಪಿನ ಕಷಾಯವು ಮನೆಮದ್ದಲ್ಲವೇ ಎಂದು ಕೆಲವರು ಕೇಳಬಹುದು. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪು ನಮಗೆ ಹತ್ತಿರದಲ್ಲಿಯೇ ದೊರೆಯುವುದು ದಿಟ. ಆದರೆ ಅದರಲ್ಲಿರುವ ನಿಕೋಟಿನ್ ಜೇನಿಗೂ, ಕಷಾಯ ಕಾಯಿಸುವ ಮನುಷ್ಯನಿಗೂ ಕೊಲ್ಲುವ ವಿಷ. ಮೇಲೆ ಹೇಳಿದ ಔಷಧಗಳೂ ಅದೇ ಕುಲಕ್ಕೆ ಸೇರಿದವು. ಮನೆಯಲ್ಲಿ ಮಾಡಿದ ಮಾತ್ರಕ್ಕೆ ವಿಷವು ಸಾಧುವಾಗುವುದಿಲ್ಲ. ಲೋಕದ ನಂಜನ್ನು ತಾನೇ ಉಂಡ ನಂಜುಂಡೇಶ್ವರನ ಸೀಮೆಯವರಿಗೆ ಈ ಮಾತನ್ನು ಹೆಚ್ಚು ಬೆಳೆಸಿ ಹೇಳಬೇಕಾಗಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು ನೀರು. ಎಡಗೈಯಲ್ಲಿ ಕುಡಿಯನ್ನು ಆತುಕೊಂಡು, ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಚಿಮ್ಮಿಸಿದರೆ ಹೇನುಗಳು ಉದುರುವುವು. ಉದುರಿದವುಗಳಲ್ಲಿ ಅನೇಕವು ಗಿಡಕ್ಕೆ ಮರಳಲಾರವು. ಒಂದು ದಿನ ಬಿಟ್ಟು ಒಂದು ದಿನ ಹೀಗೆ ಮೂರು ನಾಲ್ಕು ಬಾರಿ ಮಾಡಬೇಕು. ಹೇನು ದಟ್ಟವಾಗಿ ಮುತ್ತಿದ ಕುಡಿಯನ್ನು ಚಿವುಟಿ ಸಾಬೂನಿನ ನೀರಿಗೆ ಹಾಕುವುದು ಎರಡನೆಯದು.

ಇಷ್ಟಕ್ಕೂ ಬಗ್ಗದಿದ್ದರೆ, ಒಂದು ಲೀಟರು ನೀರಿಗೆ 5 ಗ್ರಾಮು ಸಾದಾ ಸಾಬೂನನ್ನು ತುರಿದು ಕರಗಿಸಿ ಹೇನಿನ ಗುಂಪಿನ ಮೇಲೆಯೇ ಸಿಂಪಡಿಸಬೇಕು. ಬಟ್ಟೆಯ ಪುಡಿಯನ್ನು ಬಳಸಿದರೆ ಎಲೆ ಸುಡುವುದು. ಬೇವಿನ ಬೀಜದ ತಿರುಳು 50 ಗ್ರಾಮನ್ನು ಕುಟ್ಟಿ, ಒಂದು ಲೀಟರು ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಸೋಸಿ ಚಿಟಿಕೆ ಸಾಬೂನು ಬೆರೆಸಿದ ಕಷಾಯವೂ ಒಳ್ಳೆಯದು. ಯಾವುದನ್ನೇ ಆಗಲಿ ಮೊದಲು ಎರಡೆಲೆಗೆ ಹಚ್ಚಿ ಒಂದು ದಿನ ಕಾದು ನೋಡತಕ್ಕದ್ದು. ಇವು ಸೌಮ್ಯವೆಂದು ಜೇನಿನ ಮೇಲೆ ಬೀಳಿಸಬಾರದು. ಸಾಬೂನಿನ ನೀರು ನೇರವಾಗಿ ಮೈಮೇಲೆ ಬಿದ್ದರೆ ಜೇನೂ ಸಾಯುವುದು. ಸೂರ್ಯ ಮುಳುಗಿ ಜೇನು ಗೂಡು ಸೇರಿದ ಮೇಲೆ, ಅರಳಿದ ಹೂವನ್ನು ಬಿಟ್ಟು ಸಿಂಪಡಿಸುವುದು ಕ್ರಮ.

ಇಲ್ಲಿ ಒಂದು ಎಚ್ಚರಿಕೆಯುಂಟು. ಹೀರೆ, ಸೋರೆಗಳ ಹೂ ಅರಳುವುದು ಸಂಜೆಯಲ್ಲಿಯೇ. ರಾತ್ರಿಯ ಪತಂಗಗಳೂ ಮುಂಜಾನೆಯ ಜೇನೂ ಅದೇ ಹೂವನ್ನು ಅರಸಿ ಬರುವುವು. ಆದುದರಿಂದ ಆ ಬಳ್ಳಿಗಳಿಗೆ ಸಿಂಪಡಣೆಯನ್ನೇ ಬಿಟ್ಟು, ನೀರಿನಿಂದಲೂ ಚಿವುಟುವುದರಿಂದಲೂ ಕೆಲಸ ಸಾಗಿಸುವುದು ಮೇಲು.

ಹೇನಿಗೆ ಹುಟ್ಟುವೈರಿಗಳೂ ಉಂಟೆಂಬುದನ್ನು ಮರೆಯಬಾರದು. ಗುಲಗಂಜಿ ಹುಳುವನ್ನು ಎಲ್ಲರೂ ಬಲ್ಲರು. ಕಪ್ಪಾಗಿ, ಮೊಸಳೆಯ ಆಕಾರದಲ್ಲಿರುವ ಅದರ ಮರಿಯನ್ನು ಮಾತ್ರ ಶತ್ರುವೆಂದು ಹೊಸಕುವರು. ಆ ಮರಿಯೂ ಹೇನನ್ನೇ ತಿಂದು ಬೆಳೆಯುವುದು. ಹೇನಿನ ನಡುವೆ ಉಬ್ಬಿ, ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಅಲುಗದೆ ಇರುವ ದೇಹಗಳು ಕಂಡರೆ, ಅವುಗಳೊಳಗೆ ಸಣ್ಣ ಕಣಜದ ಮರಿ ಬೆಳೆಯುತ್ತಿದೆಯೆಂದು ತಿಳಿಯಬೇಕು. ಅಂತಹ ಎಲೆಯನ್ನು ಕೀಳಬಾರದು.

ಈ ವೈರಿಗಳ ಬಲವೆಷ್ಟೆಂಬುದನ್ನು ನಮ್ಮ ನಾಡೇ ಕಂಡಿದೆ. 2002ರಲ್ಲಿ ಮಹಾರಾಷ್ಟ್ರದ ಕಡೆಯಿಂದ ಕರ್ನಾಟಕದ ಕಬ್ಬಿನ ಗದ್ದೆಗಳಿಗೆ ಬಿಳಿಯ ಉಣ್ಣೆಹೇನು ನುಗ್ಗಿ ಬೆಳೆಗಾರರನ್ನು ಕಂಗೆಡಿಸಿತು. ಆಳೆತ್ತರದ ಕಬ್ಬಿನೊಳಗೆ ಹೊಕ್ಕು ಔಷಧ ಹೊಡೆಯುವುದೇ ದುಸ್ತರವಾಗಿದ್ದಾಗ, ಡೈಫಾ ಎಂಬ ಪತಂಗದ ಕಂಬಳಿಹುಳುವೂ ಮೈಕ್ರೋಮಸ್ ಎಂಬ ಕೀಟವೂ ಆ ಹೇನನ್ನು ತಿಂದು ಹತೋಟಿಗೆ ತಂದವು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಅಂತಹ ಕೀಟಗಳನ್ನು ಸಾಕಿ ಹರಡುವ ಕಾರ್ಯವನ್ನು ಕೈಗೊಂಡಿತು. ಎಕರೆಗಟ್ಟಲೆ ಕಬ್ಬಿನಲ್ಲಿ ನಡೆದುದು ಒಂದು ಚಪ್ಪರದ ಅವರೆಯಲ್ಲಿ ನಡೆಯದೇನು? ವಿಷ ಹೊಡೆದರೆ ಹೇನಿಗಿಂತ ಮೊದಲು ಸಾಯುವವರು ಈ ಮಿತ್ರರೇ; ಉಳಿದ ನಾಲ್ಕು ಹೇನು ನಿರಾತಂಕವಾಗಿ ಮತ್ತೆ ನಾನೂರಾಗುವುವು.

ಕೊತ್ತಂಬರಿ, ಸಬ್ಬಸಿಗೆ, ಸಾಸಿವೆಗಳ ಒಂದೆರಡು ಗಿಡಗಳನ್ನು ಕೀಳದೆ ಹೂವಿಗೆ ಬಿಟ್ಟರೆ ಜೇನಿಗೂ ಈ ಮಿತ್ರರಿಗೂ ಆಹಾರವಾಗುವುದು. ಇರುವೆಗಳು ಸಿಹಿ ಅಂಟಿನ ಆಸೆಯಿಂದ ಹೇನನ್ನು ಕಾಯುವುದರಿಂದ, ಅವು ಗಿಡ ಹತ್ತುವ ದಾರಿಯನ್ನು ತಡೆಯಬೇಕು. ಯೂರಿಯಾ ಹೆಚ್ಚಾದರೆ ಕುಡಿ ಮೃದುವಾಗಿ ಹೇನನ್ನು ಕರೆಯುವುದು; ಹಳೆಯ ಕೊಟ್ಟಿಗೆ ಗೊಬ್ಬರವೇ ಸಾಕು.

ಹಿತ್ತಲಿನಲ್ಲಿ ರಸಬಾಳೆಯನ್ನು ಇಟ್ಟವರಿಗೆ ಮಾತ್ರ ಬೇರೆ ಮಾತು. ಬಾಳೆಯ ಹೇನು ಗುಚ್ಛತಲೆ ರೋಗದ ವೈರಸ್ಸನ್ನು ಹೊತ್ತು ತರುವುದು. ಎಲೆಗಳು ಕಿರಿದಾಗಿ, ನೆಟ್ಟಗೆ ನಿಂತು ತುದಿಯಲ್ಲಿ ಗೊಂಚಲಾದರೆ ಆ ಗಿಡಕ್ಕೆ ಮದ್ದಿಲ್ಲ. ಹೇನನ್ನು ಮೊದಲು ಕೊಂದು, ಗೆಡ್ಡೆ ಸಹಿತ ಅಗೆದು ನಾಶಮಾಡಬೇಕು. ಸಂದೇಹ ಬಂದಲ್ಲಿ ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಅಲ್ಲಿಯವರನ್ನು ವಿಚಾರಿಸಬಹುದು.

ದಿನಕ್ಕೊಮ್ಮೆ ಗಿಡದ ಬಳಿ ನಿಂತು ಎಲೆಯನ್ನು ಮಗುಚಿ ನೋಡುವ ಅಭ್ಯಾಸವನ್ನು ಮನೆಯ ಮಕ್ಕಳಿಗೂ ಕಲಿಸಿರೆಂದು ವಾಚಕರಲ್ಲಿ ನಮ್ಮ ಬಿನ್ನಹ.