ಬೆತ್ತಕ್ಕೆ ಸಾಕ್ಷಿ ಹೇಳದವರು

ಕೆಲವು ದಿನಗಳ ಹಿಂದೆ ಮೂಡಿಗೆರೆಯಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದ್ದರು. ನನ್ನನ್ನೂ ಪ್ರೀತಿಯಿಂದ ಕರೆದಿದ್ದರು. ಊಟವಾದ ಮೇಲೆ ಒಬ್ಬ ಎದ್ದುನಿಂತು, “ಮೇಷ್ಟ್ರ ಬೆತ್ತದ ಭಯ ಇಲ್ಲದಿದ್ದರೆ ನಾವ್ಯಾರೂ ಉದ್ಧಾರ ಆಗ್ತಿರಲಿಲ್ಲ” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ರೆ ಬರಲಿಲ್ಲ. ಸಭೆಗೆ ಬಾರದಿದ್ದ ಒಬ್ಬನ ನೆನಪು ಕಾಡತೊಡಗಿತು.

ನಾನು ಕಳಸದ ಕಡೆ ಇದ್ದ ಕಾಲ. ಕಾಫಿ ತೋಟದ ಲೈನ್ ಮನೆಯ ಹುಡುಗನೊಬ್ಬ ದಿನವೂ ತಡವಾಗಿ ಬರುತ್ತಿದ್ದ. ಕಾರಣ ಕೇಳದೆಯೇ ಹೊಡೆಯುತ್ತಿದ್ದೆ. ಒಂದು ವಾರ ಸರಿಯಾದ ಹೊತ್ತಿಗೆ ಬಂದ. ಬೆತ್ತ ಗೆದ್ದಿತೆಂದುಕೊಂಡೆ. ಆಮೇಲೆ ಬರುವುದನ್ನೇ ಬಿಟ್ಟ. ತಾಯಿ ಕೆಲಸಕ್ಕೆ ಹೋದ ಮೇಲೆ ಪುಟ್ಟ ತಂಗಿಯನ್ನು ಅವನೇ ನೋಡಿಕೊಳ್ಳಬೇಕಾಗಿತ್ತು. ಆ ಒಂದು ವಾರ ನನಗೆ ಹೆದರಿ ಮಗುವನ್ನು ಒಂಟಿಯಾಗಿ ಬಿಟ್ಟು ಓಡಿಬಂದಿದ್ದನಂತೆ. ಇದು ನನಗೆ ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು.

ಮುಂದೆ ಬಂದವರು ಬೆತ್ತವನ್ನು ಹೊಗಳುತ್ತಾರೆ. ಬೆತ್ತಕ್ಕೆ ಹೆದರಿ ಶಾಲೆ ಬಿಟ್ಟವರು ಅದರ ವಿರುದ್ಧ ಸಾಕ್ಷಿ ಹೇಳಲು ಸಭೆಗೆ ಬರುವುದಿಲ್ಲ.

ನನಗೂ ಭಯವಿತ್ತು. ಇನ್‌ಸ್ಪೆಕ್ಟರರಿಗೆ ಹೆಡ್‌ಮಾಸ್ಟರರು ಅಂಜುತ್ತಿದ್ದರು, ಹೆಡ್‌ಮಾಸ್ಟರರಿಗೆ ನಾನು, ನನಗೆ ಮಕ್ಕಳು. ತೋಟದಲ್ಲಿಯೂ ಇದೇ ಸಾಲು: ಮಾಲೀಕರು, ಮ್ಯಾನೇಜರು, ರೈಟರು, ಮೇಸ್ತ್ರಿ, ಕೊನೆಯಲ್ಲಿ ಆಳು. ಕಾನೂನೂ ಒಂದು ಕಾಲಕ್ಕೆ ಭಯದ ಪರವಾಗಿತ್ತು. ಮುಂಗಡ ಪಡೆದ ಕೆಲಸಗಾರ ಕರಾರು ಮುರಿದು ಹೋದರೆ ಸೆರೆಮನೆಗೆ ಕಳುಹಿಸಲು 1859ರ ಬ್ರಿಟಿಷ್ ಕಾಯ್ದೆ ಅವಕಾಶ ಕೊಟ್ಟಿತ್ತು. ಸ್ವತಂತ್ರ ಭಾರತದಲ್ಲಿ 1976ರ ಕಾಯ್ದೆ ಜೀತವನ್ನೂ ಜೀತದ ಸಾಲವನ್ನೂ ರದ್ದುಮಾಡಿತು. ಆದರೂ ಕೆಲಸ ಹೋದರೆ ಲೈನ್ ಮನೆಯೂ ಹೋಗುವುದೆಂಬ ಅಂಜಿಕೆಗೆ ಯಾವ ಬೆತ್ತವೂ ಬೇಕಿಲ್ಲ.

ಭಯದಿಂದ ಕೆಲಸವಾಗುವುದಿಲ್ಲವೆಂದು ನಾನು ಹೇಳಲಾರೆ. ಕೈ ಓಡುತ್ತದೆ, ಆದರೆ ಬಾಯಿ ಕಟ್ಟುತ್ತದೆ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬಿದ್ದರೆ ಗಿಡವನ್ನು ಬೇಗ ಗುರುತಿಸಿ ಕಿತ್ತು ಸುಡಬೇಕು. ಇಲ್ಲವಾದರೆ ದುಂಬಿ ಹೊರಬಂದು ಪಕ್ಕದ ಗಿಡಗಳಿಗೂ ಹಬ್ಬುತ್ತದೆ. “ಇಲ್ಲಿ ಬೋರರ್ ಬಿದ್ದಿದೆ” ಎಂದವನಿಗೇ ಬೈಗುಳ ಬೀಳುವ ತೋಟದಲ್ಲಿ ಯಾರು ಬಾಯಿ ಬಿಡುತ್ತಾರೆ? ನನ್ನ ತರಗತಿಯೂ ಅಂಥದೇ ಆಗಿತ್ತು. “ಅರ್ಥವಾಯಿತೇ?” ಎಂದರೆ ಎಲ್ಲರೂ “ಹೌದು ಸಾರ್” ಎನ್ನುತ್ತಿದ್ದರು. ಆ ನಿಶ್ಶಬ್ದವನ್ನೇ ನಾನು ಶಿಸ್ತೆಂದು ಭ್ರಮಿಸಿದ್ದೆ.

ಹಾಗಾದರೆ ಭಯವೇ ಬೇಡವೇ ಎಂದು ನೀವು ಕೇಳಬಹುದು. ಬೇಕು. ಆನೆ ತೋಟಕ್ಕೆ ಇಳಿದಿದೆಯೆಂದು ಯಾರಾದರೂ ಕೂಗಿ ಹೇಳಿದರೆ ನಾವು ಹೆದರಲೇಬೇಕು. ಆದರೆ ಅದು ಎಚ್ಚರಿಕೆ. ಕೂಗಿದವನಿಗೆ ಬೇಕಾದದ್ದು ನಮ್ಮ ಜೀವ. ಬೆದರಿಸುವವನಿಗೆ ಬೇಕಾದದ್ದು ನಮ್ಮ ತಗ್ಗಿದ ತಲೆ. ಯಾರಾದರೂ ನಮ್ಮನ್ನು ಹೆದರಿಸಿದಾಗ, ಅದು ಅಧಿಕಾರಿಯಾಗಲಿ, ರಾಜಕಾರಣಿಯಾಗಲಿ, ಮನೆಯ ಹಿರಿಯರೇ ಆಗಲಿ, ಈ ಭಯದಿಂದ ಕ್ಷೇಮ ಯಾರಿಗೆ ಎಂದು ಕೇಳಿಕೊಂಡರೆ ಸಾಕು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೇಷ್ಟ್ರ ಕೈ ಕಟ್ಟಿಹಾಕಿದರೆಂದು ಗೊಣಗುವ ನನ್ನ ವಯಸ್ಸಿನವರು ಹಲವರಿದ್ದಾರೆ. ಆ ಕಟ್ಟು ನಲವತ್ತು ವರ್ಷ ಮೊದಲೇ ಬೀಳಬೇಕಿತ್ತು ಎನ್ನುತ್ತೇನೆ ನಾನು.

ನಿಮ್ಮಲ್ಲಿ ಹಲವರ ಕೈಕೆಳಗೆ ಇಂದು ಜನರಿದ್ದಾರೆ, ಮನೆಯಲ್ಲಿ ಮಕ್ಕಳಿದ್ದಾರೆ. ಯಾರಾದರೂ ತಡವಾಗಿ ಬಂದರೆ ಮೊದಲು ಕಾರಣ ಕೇಳಿ. ನನಗೆ ಗುರುದಕ್ಷಿಣೆ ಕೊಡುವ ಮನಸ್ಸಿದ್ದರೆ ಅಷ್ಟೇ ಸಾಕು.