ರಕ್ತ ಹರಿಯದ ಯುದ್ಧವಂತೆ!

‘ಎಲೆಕ್ಟ್ರಾನಿಕ್ ಯುದ್ಧದಲ್ಲಿ ರಕ್ತವೇ ಹರಿಯುವುದಿಲ್ಲ’ ಎಂದು ಸ್ಟಾಫ್ ರೂಮಿನಲ್ಲಿ ಮಾಷ್ಟ್ರೊಬ್ಬರು ಹೊಗಳಿದಾಗ ನನಗೆ ಸುಮ್ಮನಿರಲಾಗಲಿಲ್ಲ. 1982ರ ಜೂನ್‌ನಲ್ಲಿ ಲೆಬನಾನಿನ ಬೆಕಾ ಕಣಿವೆಯಲ್ಲಿ ಇಸ್ರೇಲ್ ಪೈಲಟ್ ಇಲ್ಲದ ಹುಸಿ ವಿಮಾನಗಳನ್ನು ಹಾರಿಸಿ ಸಿರಿಯದ ರಾಡಾರುಗಳನ್ನು ಎಚ್ಚರಿಸಿತು, ಅವುಗಳ ಕಣ್ಣು ಕಟ್ಟಿತು, ಆಮೇಲೆ ಬಾಂಬು ಹಾಕಿತು. ಕಣ್ಣು ಕಟ್ಟುವುದು ಮತ್ತೇತಕ್ಕೆ?

ನಮ್ಮ ಶಿರೂರಿನ ಬೋಟುಗಳೂ ಈಗ ಜಿಪಿಎಸ್ ನಂಬಿ ಕಡಲಿಗಿಳಿಯುತ್ತವೆ. ಸುಮಾರು 20,000 ಕಿಲೋಮೀಟರ್ ಮೇಲಿಂದ ಬರುವ ಆ ಕ್ಷೀಣ ಸಂಕೇತವನ್ನು ಕೆಡಿಸುವ ಜಾಮರ್‌ಗೆ ಯುದ್ಧನೌಕೆ, ಮೀನು ಬೋಟು ಎಂಬ ಭೇದವಿಲ್ಲ. ಯುಕ್ರೇನ್ ಯುದ್ಧ ಶುರುವಾದ 2022ರಿಂದೀಚೆಗೆ ಬಾಲ್ಟಿಕ್ ಕಡಲ ಮೇಲಿನ ಪ್ರಯಾಣಿಕ ವಿಮಾನಗಳಿಗೂ ಇದೇ ಕಾಟ.

ಬೆಂಗಳೂರಿನ ಬಿ.ಇ.ಎಲ್. ಇಂಥ ಯಂತ್ರಗಳನ್ನು ಮಾಡುವುದು ಬೇಡವೆನ್ನಲಾರೆ. ಗಡಿಯಲ್ಲಿರುವ ಹುಡುಗರಿಗೆ ಅದು ಗುರಾಣಿ. ಆದರೆ ಮಾಷ್ಟ್ರೇ, ಬೋಟು ಕಾಯುತ್ತ ದಡದಲ್ಲಿ ನಿಂತವಳೆದುರು ಹೀಗೆ ಹೇಳಿ ನೋಡಿ!